ಕೆಮಿಸ್ಟ್ರಿ ಕಪಾಟಿನಲ್ಲಿ ಸಿಕ್ಕ ಪ್ರಿಮೊ ಲೆವಿ

ಮಹಾಯುದ್ಧ ಅಂದ್ರೆ ನಮಗೆ ಗೊತ್ತಿದ್ದದ್ದು ಎರಡೇ, ಸಿನಿಮಾ ಮತ್ತು ಗೇಮ್. ರಾತ್ರಿ ಎರಡು ಗಂಟೆವರೆಗೆ ಹಾಸ್ಟೆಲ್ ರೂಮಿನಲ್ಲಿ ಕೂತು ನಾರ್ಮಂಡಿ ಕಡಲತೀರದಲ್ಲಿ ಗುಂಡು ಹಾರಿಸಿ, ಬೆಳಗ್ಗೆ ಮೊದಲನೇ ಕ್ಲಾಸಿಗೆ ತೂಕಡಿಸ್ತಾ ಹೋಗುವವರು ನಾವು. ಹೋದ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕನ್ನಡ ಕ್ಲಬ್ಬಿನ ನಮ್ಮ ಮೂರು ಜನಕ್ಕೆ ಒಂದು ಹುಚ್ಚು ಹತ್ತಿತು. ಯುದ್ಧದ ಇತಿಹಾಸ ಬೇಡ, ಜನರಲ್‌ಗಳ ಕಥೆ ಬೇಡ, ಮ್ಯಾಪಿನ ಮೇಲೆ ಓಡಾಡುವ ಬಾಣದ ಗುರುತುಗಳೂ ಬೇಡ. ಅದರೊಳಗೆ ಸಿಕ್ಕಿಹಾಕಿಕೊಂಡ ಒಬ್ಬ ಸಾಮಾನ್ಯ ಮನುಷ್ಯ ತಾನೇ ಕೂತು ಬರೆದ ಪುಸ್ತಕ ಬೇಕು ಅಂತ. ಆನ್ ಫ್ರಾಂಕಳ ಡೈರಿಯನ್ನು ಸ್ಕೂಲಿನಲ್ಲೇ ಅರ್ಧಂಬರ್ಧ ಓದಿದ್ದೆವು. ಅದರ ಪಕ್ಕದಲ್ಲಿ ಇನ್ನೇನಿದೆ ಅಂತ ಹುಡುಕುತ್ತಾ ಹೋದಾಗ ಪದೇ ಪದೇ ಎದುರಾದ ಹೆಸರು ಪ್ರಿಮೊ ಲೆವಿ.

ನಮ್ಮ ಲೈಬ್ರರಿಯ ಕಂಪ್ಯೂಟರ್ ಇವರದ್ದು ಒಂದೇ ಒಂದು ಪುಸ್ತಕ ಇದೆ ಅಂತ ತೋರಿಸಿತು. ಇತಿಹಾಸದ ಕಪಾಟಿನಲ್ಲಿ ಇಲ್ಲ. ಜೀವನಚರಿತ್ರೆಗಳ ಸಾಲಿನಲ್ಲಿ ಇಲ್ಲ. ಕಾದಂಬರಿಗಳ ಮೂಲೆಯಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಕೆಮಿಸ್ಟ್ರಿ ಕಪಾಟಿನಲ್ಲಿ, ಎರಡು ದಪ್ಪ ಟೆಕ್ಸ್ಟ್‌ಬುಕ್ಕುಗಳ ನಡುವೆ. ಪುಸ್ತಕದ ಹೆಸರು ‘ದಿ ಪೀರಿಯಾಡಿಕ್ ಟೇಬಲ್’. ಹೆಸರು ನೋಡಿ ಅಲ್ಲಿಟ್ಟವರನ್ನು ಪೂರ್ತಿ ತಪ್ಪು ಅನ್ನೋ ಹಾಗೂ ಇಲ್ಲ. ಒಳಗೆ 21 ಅಧ್ಯಾಯ, ಒಂದೊಂದಕ್ಕೂ ಒಂದೊಂದು ಧಾತುವಿನ ಹೆಸರು. ಆರ್ಗಾನ್‌ನಿಂದ ಶುರುವಾಗಿ ಕಾರ್ಬನ್‌ಗೆ ಮುಗಿಯುತ್ತದೆ. ನಡುವೆ ಒಬ್ಬ ಮನುಷ್ಯನ ಇಡೀ ಬದುಕು.

ಪ್ರಿಮೊ ಲೆವಿ ಹುಟ್ಟಿದ್ದು 1919ರ ಜುಲೈ 31ರಂದು, ಇಟಲಿಯ ಟ್ಯೂರಿನ್ ನಗರದಲ್ಲಿ. ತಂದೆ ಚೆಸಾರೆ ಲೆವಿ ಎಲೆಕ್ಟ್ರಿಕಲ್ ಎಂಜಿನಿಯರ್. ಕೋಟಿನ ಜೇಬುಗಳಲ್ಲಿ ಯಾವಾಗಲೂ ಪುಸ್ತಕ ತುರುಕಿಕೊಂಡು ಓಡಾಡುತ್ತಿದ್ದ ಆಸಾಮಿ. ಯಹೂದಿಗಳು ಹಂದಿಮಾಂಸ ತಿನ್ನಬಾರದು ಅನ್ನೋ ಕಟ್ಟುಪಾಡಿದ್ದರೂ ಇವರಿಗೆ ಅದರ ಮೇಲೆ ಆಸೆ. ಅಂಗಡಿಗೆ ಹೋಗಿ ಕೊಳ್ಳೋರು, ಅಂಗಡಿಯವನು ಹೇಳಿದ ಲೆಕ್ಕ ಸರಿಯೋ ತಪ್ಪೋ ಅಂತ ಜೇಬಿನಿಂದ ಸ್ಲೈಡ್ ರೂಲ್ ತೆಗೆದು ನೋಡೋರು. ಕ್ಯಾಲ್ಕ್ಯುಲೇಟರ್ ಇಲ್ಲದ ಕಾಲದ ಎಂಜಿನಿಯರ್ ಅಪ್ಪ ಹೇಗಿರ್ತಾರೆ ಅಂತ ನಮಗೆ ಇದೊಂದರಲ್ಲೇ ಕಣ್ಣಿಗೆ ಕಟ್ಟಿತು. ಮಗ ಕುಳ್ಳ, ನಾಚಿಕೆ ಸ್ವಭಾವದವನು, ಓದಿನಲ್ಲಿ ಚುರುಕು. ಆದರೂ 1937ರಲ್ಲಿ ಹೈಸ್ಕೂಲಿನ ಕೊನೆಯ ಪರೀಕ್ಷೆಯಲ್ಲಿ ಒಂದು ಸಬ್ಜೆಕ್ಟ್ ಹೋಯಿತು. ಯಾವುದು ಅಂತೀರಾ, ಇಟಾಲಿಯನ್! ಮುಂದೆ ಆ ಭಾಷೆಯ ದೊಡ್ಡ ಗದ್ಯ ಲೇಖಕ ಅನ್ನಿಸಿಕೊಂಡವರಿಗೆ ಅದೇ ಭಾಷೆಯಲ್ಲಿ ಬ್ಯಾಕ್‌ಲಾಗ್. ಕೆಲವು ತಿಂಗಳ ನಂತರ ಮತ್ತೆ ಬರೆದು ಪಾಸಾದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಈಗ ಒತ್ತಕ್ಷರ ಹುಡುಕ್ತಾ ಇದನ್ನು ಟೈಪ್ ಮಾಡ್ತಿರೋ ನಮಗೆ ಈ ಸಂಗತಿ ಯಾಕೆ ಇಷ್ಟ ಆಯ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಅದೇ ವರ್ಷ ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿಗೆ ಸೇರಿದರು. ಒಂದು ವರ್ಷ ಕಳೆಯುವಷ್ಟರಲ್ಲಿ, 1938ರಲ್ಲಿ, ಮುಸೊಲಿನಿ ಸರ್ಕಾರ ಜನಾಂಗದ ಕಾನೂನುಗಳನ್ನು ತಂದಿತು. ಯಹೂದಿ ಮಕ್ಕಳು ಸರ್ಕಾರಿ ಶಾಲೆ ಕಾಲೇಜುಗಳಿಗೆ ಬರುವ ಹಾಗಿಲ್ಲ, ಯಹೂದಿ ಮೇಷ್ಟ್ರುಗಳು ಪಾಠ ಮಾಡುವ ಹಾಗಿಲ್ಲ. ಆದರೆ ಆಗಲೇ ಡಿಗ್ರಿಗೆ ಸೇರಿದವರು ಮುಗಿಸಿಕೊಂಡು ಹೋಗಬಹುದು ಅನ್ನೋ ಒಂದು ಸಣ್ಣ ಸಂದಿ ಆ ಕಾನೂನಿನಲ್ಲಿತ್ತು. ಆ ಸಂದಿಯಲ್ಲಿ ಲೆವಿ ಉಳಿದುಕೊಂಡರು. ಒಂದು ವರ್ಷ ತಡವಾಗಿ ಸೇರಿದ್ದರೆ ಅವರು ಕೆಮಿಸ್ಟ್ ಆಗುತ್ತಿರಲಿಲ್ಲ. ಕೆಮಿಸ್ಟ್ ಆಗಿರದಿದ್ದರೆ ಬದುಕಿಯೂ ಉಳಿಯುತ್ತಿರಲಿಲ್ಲವೇನೋ. ಇದು ಮುಂದೆ ಗೊತ್ತಾಗುತ್ತದೆ.

ಪ್ರಾಜೆಕ್ಟಿಗೆ ಗೈಡ್ ಸಿಗುವುದು ಕಷ್ಟ ಅಂತ ನಮ್ಮ ಸೀನಿಯರ್‌ಗಳು ಗೊಣಗುತ್ತಿರುತ್ತಾರಲ್ಲ, ಲೆವಿಗೆ ಆ ಕಷ್ಟ ನಿಜಕ್ಕೂ ಬಂತು. ಒಬ್ಬೊಬ್ಬ ಪ್ರೊಫೆಸರ್ ಒಂದೊಂದು ನೆವ ಹೇಳಿದರು. ಕೊನೆಗೆ ಭೌತಶಾಸ್ತ್ರ ವಿಭಾಗದ ನಿಕೊಲೊ ದಲ್ಲಾಪೋರ್ತಾ ಎಂಬ ಯುವ ಅಸಿಸ್ಟೆಂಟ್ ಒಪ್ಪಿಕೊಂಡರು. ಅಲ್ಲೇ ಆಗಿದ್ದು ಪೊಟ್ಯಾಸಿಯಂ ಪ್ರಸಂಗ. ಬೆಂಜೀನನ್ನು ಶುದ್ಧ ಮಾಡಲು ಸೋಡಿಯಂ ಹಾಕಿ ಡಿಸ್ಟಿಲ್ ಮಾಡಬೇಕು. ಸೋಡಿಯಂ ಇರಲಿಲ್ಲ. ಟೇಬಲ್ಲಿನಲ್ಲಿ ಅದರ ಕೆಳಗಿನ ಮನೆಯಲ್ಲಿರುವ ಪೊಟ್ಯಾಸಿಯಂ ಇತ್ತು. ಅಣ್ಣ ತಮ್ಮ ಇದ್ದ ಹಾಗೆ ಅಲ್ವಾ, ನಡೆಯುತ್ತೆ ಅಂತ ಅದನ್ನೇ ಹಾಕಿದರು. ಕೆಲಸ ಚೆನ್ನಾಗಿಯೇ ಮುಗಿಯಿತು. ಆಮೇಲೆ ಖಾಲಿ ಫ್ಲಾಸ್ಕನ್ನು ತೊಳೆಯಲು ನಲ್ಲಿ ತಿರುಗಿಸಿದರು ನೋಡಿ, ದಪ್ ಅಂತ ಬೆಂಕಿ ಎದ್ದು ಕಿಟಕಿಯ ಪರದೆ ಹತ್ತಿಕೊಂಡಿತು. ಕಣ್ಣಿಗೆ ಕಾಣದಷ್ಟು ಸಣ್ಣ ಚೂರೊಂದು ಗಾಜಿಗೆ ಅಂಟಿಕೊಂಡಿತ್ತು. ಸೋಡಿಯಂ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಹೆಚ್ಚುಕಡಿಮೆ ಒಂದೇ ಅನ್ನೋ ಮಾತನ್ನು ಲೆವಿ ಆಮೇಲೆ ಯಾವತ್ತೂ ನಂಬಲಿಲ್ಲ, ಕೆಮಿಸ್ಟ್ರಿಯಲ್ಲೂ ಅಷ್ಟೇ, ರಾಜಕೀಯದಲ್ಲೂ ಅಷ್ಟೇ.

1941ರಲ್ಲಿ ಡಿಗ್ರಿ ಸಿಕ್ಕಿತು. ಅತ್ಯುನ್ನತ ಶ್ರೇಣಿ. ಆದರೆ ಸರ್ಟಿಫಿಕೇಟಿನ ಮೇಲೆ ಯಹೂದಿ ಜನಾಂಗದವನು ಅಂತ ಬರೆದಿತ್ತು. ಆ ಹಾಳೆ ಹಿಡಿದುಕೊಂಡು ಯಾವ ಕಂಪನಿಗೆ ಹೋಗೋದು? ಮನೆಯಲ್ಲಿ ತಂದೆ ಕ್ಯಾನ್ಸರ್‌ನಿಂದ ಸಾಯುವ ಸ್ಥಿತಿಯಲ್ಲಿದ್ದರು. ಸುಳ್ಳು ಹೆಸರಿನಲ್ಲಿ ಒಂದು ಆಸ್ಬೆಸ್ಟಾಸ್ ಗಣಿಯಲ್ಲಿ ಕೆಲಸಕ್ಕೆ ಸೇರಿದರು. ಗಣಿಯವರು ಬಿಸಾಕಿದ ಕಲ್ಲಿನ ರಾಶಿಯಿಂದ ನಿಕ್ಕಲ್ ತೆಗೆಯುವುದು ಅವರ ಕೆಲಸ. ಅದು ಕೈಗೂಡಲಿಲ್ಲ. 1942ರಲ್ಲಿ ತಂದೆ ತೀರಿಕೊಂಡರು. ಅಲ್ಲಿಂದ ಮಿಲಾನ್‌ನಲ್ಲಿ ಒಂದು ಔಷಧಿ ಕಂಪನಿಗೆ ಹೋದರು.

1943ರ ಸೆಪ್ಟೆಂಬರಿನಲ್ಲಿ ಇಟಲಿ ಮಿತ್ರಪಕ್ಷಗಳ ಜೊತೆ ಕದನವಿರಾಮ ಮಾಡಿಕೊಂಡಿತು. ಕೂಡಲೇ ಜರ್ಮನ್ ಸೈನ್ಯ ಉತ್ತರ ಇಟಲಿಯನ್ನು ಹಿಡಿದುಕೊಂಡಿತು. ಲೆವಿ ಮತ್ತು ಕೆಲವು ಸ್ನೇಹಿತರು ಬೆಟ್ಟ ಹತ್ತಿ ಗೆರಿಲ್ಲಾಗಳಾಗಲು ಹೊರಟರು. ಆಯುಧ ಇಲ್ಲ, ದುಡ್ಡಿಲ್ಲ, ಅನುಭವ ಮೊದಲೇ ಇಲ್ಲ. ಡಿಸೆಂಬರ್ 13ರ ಬೆಳಗಿನ ಜಾವ ಸಿಕ್ಕಿಬಿದ್ದರು. ಗೆರಿಲ್ಲಾ ಅಂತ ಒಪ್ಪಿಕೊಂಡರೆ ಗುಂಡು ಹೊಡೆಯುತ್ತಾರೆ ಅನ್ನೋ ಭಯದಲ್ಲಿ ಯಹೂದಿ ಅಂತ ಹೇಳಿಕೊಂಡರು. ಅಲ್ಲಿಂದ ಫೊಸೊಲಿ ಎಂಬ ಕ್ಯಾಂಪು. 1944ರ ಫೆಬ್ರವರಿ 22ರಂದು 650 ಜನರನ್ನು ಗೂಡ್ಸ್ ರೈಲಿನ 12 ಬೋಗಿಗಳಲ್ಲಿ ತುಂಬಿಸಿ ಕಳಿಸಿದರು. ರೈಲು ನಿಂತಿದ್ದು ಆಶ್‌ವಿಟ್ಸ್‌ನಲ್ಲಿ. ಇಳಿದ ಕೆಲವೇ ನಿಮಿಷಗಳಲ್ಲಿ 96 ಗಂಡಸರು ಮತ್ತು 29 ಹೆಂಗಸರನ್ನು ದುಡಿಮೆಗೆ ಅಂತ ಬೇರೆ ಮಾಡಿದರು. ಉಳಿದವರು, ಮಕ್ಕಳು ಮುದುಕರು ಎಲ್ಲ ಸೇರಿ ಐನೂರಕ್ಕೂ ಹೆಚ್ಚು ಜನ, ಎರಡು ದಿನದೊಳಗೆ ಸತ್ತರು. ಲೆವಿಗೆ ಆಗ 24 ವರ್ಷ. ಎಡಗೈ ಮೇಲೆ ಹಚ್ಚೆ ಹಾಕಿದರು: 174517.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಇದನ್ನು ಓದಿದ ರಾತ್ರಿ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ. ಫಸ್ಟ್ ಇಯರ್ ಕೆಮಿಸ್ಟ್ರಿ ಸೈಕಲ್‌ನಲ್ಲಿ ಪಾಲಿಮರ್ ಓದಿದ್ದೀವಲ್ಲ, ಬ್ಯೂನಾ ಅನ್ನೋ ಸಿಂಥೆಟಿಕ್ ರಬ್ಬರ್ ನೆನಪಿದೆಯಾ? ಬ್ಯೂಟಾಡೈಯೀನ್‌ನ ಬ್ಯೂ, ಸೋಡಿಯಂನ ಎನ್‌ಎ, ಸೇರಿ ಬ್ಯೂನಾ. ರಿಯಾಕ್ಷನ್ ಬರೆದು ಬಾಯಿಪಾಠ ಒಪ್ಪಿಸಿ ಮಾರ್ಕ್ಸ್ ತಗೊಂಡ್ವಿ. ಲೆವಿಯನ್ನು ಹಾಕಿದ ಕ್ಯಾಂಪಿನ ಹೆಸರೂ ಅದೇ, ಬೂನಾ. ಮೊನೊವಿಟ್ಸ್ ಎಂಬಲ್ಲಿ ಐ.ಜಿ. ಫಾರ್ಬೆನ್ ಎಂಬ ಜರ್ಮನ್ ಕೆಮಿಕಲ್ ಕಂಪನಿ ರಬ್ಬರ್ ಫ್ಯಾಕ್ಟರಿ ಕಟ್ಟುತ್ತಿತ್ತು. ಆಳುಗಳು ಬೇಕಿತ್ತು. ಕ್ಯಾಂಪಿನಲ್ಲಿ ಕೈದಿಗಳಿದ್ದರು. ಒಬ್ಬ ಕೈದಿಯ ಒಂದು ದಿನದ ದುಡಿಮೆಗೆ ಕಂಪನಿ ಮೂರೋ ನಾಲ್ಕೋ ಮಾರ್ಕ್ ಕೊಡುತ್ತಿತ್ತು, ಕೈದಿಗಲ್ಲ, ಎಸ್‌ಎಸ್‌ಗೆ. ಕುಶಲಿಯಾದರೆ ನಾಲ್ಕು, ಅಲ್ಲದಿದ್ದರೆ ಮೂರು. ಇದನ್ನೆಲ್ಲ ರೌಡಿಗಳು ಮಾಡಿದ್ದಲ್ಲ. ಡ್ರಾಯಿಂಗ್ ಬೋರ್ಡ್ ಮುಂದೆ ಕೂತ, ಡಾಕ್ಟರೇಟ್ ಇದ್ದ ಎಂಜಿನಿಯರ್‌ಗಳು ಲೆಕ್ಕ ಹಾಕಿ ಮಾಡಿದ್ದು. ಹೆಣ ಸುಡುವ ಒಲೆಗಳನ್ನೂ ಹೀಗೆಯೇ, ಎರ್‌ಫುರ್ಟ್ ಊರಿನ ಟೋಪ್ಫ್ ಎಂಬ ಕಂಪನಿ ಡಿಸೈನ್ ಮಾಡಿ ಕೊಟ್ಟಿತ್ತು. ಅಷ್ಟು ಜನರ ಜೀವ ತೆಗೆದ ಆ ಬೂನಾ ಫ್ಯಾಕ್ಟರಿಯಿಂದ ಕೊನೆಗೂ ಒಂದು ಕಿಲೋ ಸಿಂಥೆಟಿಕ್ ರಬ್ಬರ್ ಸಹ ಹೊರಬರಲಿಲ್ಲ.

ಲೆವಿ ಹೇಗೆ ಉಳಿದರು? ಅವರೇ ಇದಕ್ಕೆ ಬಹಳ ಸಲ ಉತ್ತರ ಕೊಟ್ಟಿದ್ದಾರೆ, ಮೊದಲ ಉತ್ತರ ಅದೃಷ್ಟ. ಎರಡನೆಯದು ಭಾಷೆ. ಕೆಮಿಸ್ಟ್ರಿ ಪುಸ್ತಕಗಳಿಂದ ಒಂದಿಷ್ಟು ಜರ್ಮನ್ ಗೊತ್ತಿತ್ತು. ಕೂಗಿ ಹೇಳಿದ ಆರ್ಡರ್ ಅರ್ಥವಾಗದವನು ಮೊದಲ ಹತ್ತು ಹದಿನೈದು ದಿನದಲ್ಲೇ ಸಾಯುತ್ತಾನೆ ಅಂತ ಅವರಿಗೆ ಬೇಗ ತಿಳಿಯಿತು. ಆದ್ದರಿಂದ ತನ್ನ ಪಾಲಿನ ಬ್ರೆಡ್ ಕೊಟ್ಟು ಒಬ್ಬ ಅಲ್ಸೇಸ್ ಕಡೆಯವನಿಂದ ಜರ್ಮನ್ ಹೇಳಿಸಿಕೊಂಡರು. ಹಸಿದ ಹೊಟ್ಟೆಯಲ್ಲಿ ಬ್ರೆಡ್ ಕೊಟ್ಟು ಪದ ಕೊಂಡರು ಅಂದ್ರೆ ಯೋಚಿಸಿ.

ಮೂರನೆಯದು ಕೆಮಿಸ್ಟ್ರಿ. ಕೈದಿಗಳಲ್ಲಿ ಕೆಮಿಸ್ಟ್‌ಗಳಿದ್ದರೆ ಲ್ಯಾಬಿಗೆ ಆರಿಸಿಕೊಳ್ಳಲು ಪರೀಕ್ಷೆ ಇಟ್ಟರು. ಮೈಮೇಲೆ ಕೊಳಕು ಪಟ್ಟೆಬಟ್ಟೆ, ತಿಂಗಳುಗಟ್ಟಲೆ ಹಸಿವು. ಎದುರಿಗೆ ಅಚ್ಚುಕಟ್ಟಾದ ಮೇಜಿನ ಹಿಂದೆ ಡಾಕ್ಟರ್ ಪಾನ್‌ವಿಟ್ಸ್ ಎಂಬ ಅಧಿಕಾರಿ. ಜರ್ಮನ್ ಭಾಷೆಯಲ್ಲಿ ವೈವಾ. ಡಿಗ್ರಿಯಲ್ಲಿ ಯಾವ ವಿಷಯದ ಮೇಲೆ ಕೆಲಸ ಮಾಡಿದ್ದೆ ಅಂತ ಕೇಳಿದಾಗ ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್ ಅಳೆಯುವುದರ ಬಗ್ಗೆ ಹೇಳತೊಡಗಿದರು, ಮರೆತುಹೋಗಿದೆ ಅಂದುಕೊಂಡಿದ್ದೆಲ್ಲ ನೆನಪಾಗುತ್ತಾ ಹೋಯಿತು. ಎಕ್ಸ್‌ಟರ್ನಲ್ ಮುಂದೆ ನಮ್ಮ ಕಾಲು ನಡುಗಿದ್ದನ್ನು ದೊಡ್ಡ ಅನುಭವ ಅಂದುಕೊಂಡಿದ್ದೆವು! ಆದರೆ ಆ ಪಾನ್‌ವಿಟ್ಸ್ ತನ್ನನ್ನು ನೋಡಿದ ನೋಟವನ್ನು ಲೆವಿ ಜೀವಮಾನವಿಡೀ ಮರೆಯಲಿಲ್ಲ. ಅದು ಮನುಷ್ಯ ಮನುಷ್ಯನನ್ನು ನೋಡುವ ನೋಟ ಆಗಿರಲಿಲ್ಲ, ಅಕ್ವೇರಿಯಂನ ಗಾಜಿನಾಚೆ ಇರುವ ಬೇರೊಂದು ಪ್ರಾಣಿಯನ್ನು ನೋಡುವ ಹಾಗಿತ್ತು ಅಂತ ಅವರಿಗೆ ಅನ್ನಿಸಿತು. ಪರೀಕ್ಷೆ ಮುಗಿಸಿ ಬರುವಾಗ ಜೊತೆಗಿದ್ದ ಮೇಸ್ತ್ರಿ ಕೈದಿ ತನ್ನ ಜಿಡ್ಡುಗೈಯನ್ನು ಲೆವಿಯ ಭುಜಕ್ಕೆ ಒರೆಸಿಕೊಂಡ. ಬೈಯಲಿಲ್ಲ, ಹೊಡೆಯಲಿಲ್ಲ, ಬಟ್ಟೆ ಚೂರಿಗೆ ಒರೆಸಿದ ಹಾಗೆ ಒರೆಸಿದ ಅಷ್ಟೇ.

ಲ್ಯಾಬಿಗೆ ಸೇರಿದ್ದು 1944ರ ಚಳಿಗಾಲಕ್ಕೆ ಸರಿಯಾಗಿ. ಅಲ್ಲಿ ಬೆಚ್ಚಗಿತ್ತು, ಕದಿಯಲು ಸಾಮಾನಿತ್ತು. ಒಂದು ಲೇಬಲ್ ಇಲ್ಲದ ಜಾಡಿಯಲ್ಲಿ ಸಣ್ಣ ಸಣ್ಣ ಬೂದುಬಣ್ಣದ ಕಡ್ಡಿಗಳು ಸಿಕ್ಕವು. ಕೆರೆದರೆ ಕಿಡಿ. ಸೀರಿಯಂ ಅಂತ ಗೊತ್ತಾಯಿತು, ಸಿಗರೇಟ್ ಲೈಟರಿನ ಕಲ್ಲು ಮಾಡುವ ವಸ್ತು. ನಲವತ್ತು ಕಡ್ಡಿ ಜೇಬಿಗಿಳಿಸಿದರು. ಲೆವಿ ಮತ್ತು ಅವರ ಜೀವದ ಗೆಳೆಯ ಆಲ್ಬೆರ್ತೊ ರಾತ್ರಿಯೆಲ್ಲ ಕಂಬಳಿಯೊಳಗೆ ಮುಸುಕು ಹಾಕಿಕೊಂಡು, ಬೆಂಕಿ ಹತ್ತಿಕೊಂಡೀತೆಂಬ ಭಯದಲ್ಲೇ, ಒಂದೊಂದನ್ನೂ ಲೈಟರಿನ ಅಳತೆಗೆ ಕೆರೆದು ತೆಳ್ಳಗೆ ಮಾಡಿದರು. ಒಂದು ಕಡ್ಡಿಗೆ ಮೂರು ಕಲ್ಲು, ಒಟ್ಟು 120. ಕಳ್ಳಸಂತೆಯಲ್ಲಿ ಒಂದು ಕಲ್ಲಿಗೆ ಒಂದು ದಿನದ ಬ್ರೆಡ್. ಅಂದ್ರೆ ಇಬ್ಬರಿಗೂ ಎರಡೆರಡು ತಿಂಗಳ ಆಯಸ್ಸು. ನಮ್ಮ ಮೂರು ಜನರಲ್ಲಿ ಇದನ್ನು ಮೊದಲು ಓದಿದವನು ಓಡಿ ಬಂದು ಉಳಿದವರಿಗೆ ಹೇಳಿದ್ದು ಇದನ್ನೇ.

ನಾಲ್ಕನೆಯದು ಒಬ್ಬ ಮನುಷ್ಯ, ಲೊರೆಂಜೊ ಪೆರೋನೆ. ಫೊಸ್ಸಾನೊ ಊರಿನ ಗಾರೆಯವನು, ಓದು ಬರಹ ಅಷ್ಟಕ್ಕಷ್ಟೇ, ಮಾತೂ ಕಡಿಮೆ. ಕೈದಿ ಅಲ್ಲ, ಇಟಲಿಯಿಂದ ಕಂಟ್ರಾಕ್ಟ್ ಮೇಲೆ ಬಂದ ಕೂಲಿ. ಲೆವಿ ಇಟಾಲಿಯನ್ ಅಂತ ತಿಳಿದ ಮೇಲೆ ಆರು ತಿಂಗಳ ಕಾಲ ದಿನವೂ ಒಂದು ಡಬ್ಬಿ ಸೂಪ್ ತಂದು ಬಚ್ಚಿಟ್ಟು ಕೊಟ್ಟ. ತೇಪೆ ಹಾಕಿದ ತನ್ನ ಒಳ ಅಂಗಿ ಕೊಟ್ಟ. ಲೆವಿಯ ಪರವಾಗಿ ಇಟಲಿಗೆ ಕಾಗದ ಬರೆದು ಉತ್ತರವನ್ನೂ ತಂದುಕೊಟ್ಟ. ಸಿಕ್ಕಿಬಿದ್ದಿದ್ದರೆ ಅವನನ್ನೂ ಒಳಗೆ ಹಾಕುತ್ತಿದ್ದರು. ಬದಲಿಗೆ ಏನನ್ನೂ ತಗೊಳ್ಳಲಿಲ್ಲ.

ಈ ಲೊರೆಂಜೊ ವಿಷಯಕ್ಕೆ ನಮ್ಮಲ್ಲಿ ಜಗಳವೇ ಆಯಿತು. ಯಾಕಂದ್ರೆ ಲೆವಿ ಇನ್ನೊಂದು ಸಂಗತಿಯನ್ನೂ ಬರೆದಿದ್ದಾರೆ. ಲೊರೆಂಜೊಗೆ ಜರ್ಮನ್ನರನ್ನು ಕಂಡರೆ ಆಗುತ್ತಿರಲಿಲ್ಲ, ಅವರ ಊಟ, ಅವರ ಭಾಷೆ, ಅವರ ಯುದ್ಧ ಯಾವುದೂ ಆಗುತ್ತಿರಲಿಲ್ಲ. ಆದರೆ ಬಾಂಬಿನಿಂದ ಕಾಪಾಡುವ ಗೋಡೆ ಕಟ್ಟು ಅಂದಾಗ ಅವನು ಕಟ್ಟಿದ ಗೋಡೆ ನೆಟ್ಟಗೆ, ಗಟ್ಟಿಯಾಗಿ, ಗಾರೆಗೆ ಜಿಪುಣತನ ಮಾಡದೆ ಕಟ್ಟಿದ ಗೋಡೆ. ಆರ್ಡರ್ ಅಂತಲ್ಲ, ಅವನ ಕಸುಬಿನ ಮರ್ಯಾದೆ ಅದು. ನಮ್ಮಲ್ಲೊಬ್ಬ, ಸಿವಿಲ್ ಬ್ರಾಂಚಿನವನು, ಅದೇ ಸರಿ ಅಂದ, ಸೊಟ್ಟ ಗೋಡೆ ಕಟ್ಟಿದರೆ ತನ್ನನ್ನು ತಾನೇ ಸೊಟ್ಟ ಮಾಡಿಕೊಂಡ ಹಾಗೆ ಅಂತ. ಇನ್ನೊಬ್ಬಳು ಒಪ್ಪಲೇ ಇಲ್ಲ. ಅಂಥ ಕಡೆ ಕೆಟ್ಟ ಕೆಲಸ ಮಾಡುವುದೇ ಒಳ್ಳೆಯ ಕೆಲಸ, ಟೋಪ್ಫ್ ಕಂಪನಿಯ ಎಂಜಿನಿಯರ್ ಕೂಡ ಕಸುಬಿನ ಮರ್ಯಾದೆ ಅಂತಲೇ ಹೇಳಿಕೊಂಡಿರಬಹುದು ಅಂದಳು. ಕ್ಯಾಂಟೀನಿನಲ್ಲಿ ಚಹಾ ಆರಿಹೋಯಿತು, ಜಗಳ ಮುಗಿಯಲಿಲ್ಲ. ಲೆವಿಗೂ ಇದು ಮುಗಿದಿರಲಿಲ್ಲ ಅನ್ನಿಸುತ್ತದೆ. ಚೆನ್ನಾಗಿ ಮಾಡಿದ ಕೆಲಸದ ಮೇಲಿನ ಪ್ರೀತಿ ಬಹಳ ಒಳ್ಳೆಯದು, ಆದರೆ ಅದರೊಳಗೇ ಒಂದು ಅಪಾಯವೂ ಇದೆ ಅನ್ನೋದನ್ನು ಕೊನೆಯವರೆಗೂ ಅವರು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಮುಂದಿನ ವರ್ಷ ಪ್ಲೇಸ್‌ಮೆಂಟ್‌ಗೆ ಕೂರುವಾಗ ಪ್ಯಾಕೇಜ್ ಎಷ್ಟು ಅಂತ ಕೇಳ್ತೀವಿ. ಕಂಪನಿ ಏನು ಮಾಡುತ್ತೆ, ಯಾರಿಗಾಗಿ ಮಾಡುತ್ತೆ ಅಂತ ನಾವ್ಯಾರೂ ಇದುವರೆಗೆ ಸೀನಿಯರ್‌ಗಳನ್ನು ಕೇಳಿಲ್ಲ.

1945ರ ಜನವರಿಯಲ್ಲಿ ಲೆವಿಗೆ ಸ್ಕಾರ್ಲೆಟ್ ಜ್ವರ ಬಂತು. ಕ್ಯಾಂಪಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ರಷ್ಯಾದ ಸೈನ್ಯ ಹತ್ತಿರ ಬಂತೆಂದು ಜರ್ಮನ್ನರು 18ರ ರಾತ್ರಿ ನಡೆಯಬಲ್ಲ ಕೈದಿಗಳನ್ನೆಲ್ಲ ಹಿಮದಲ್ಲಿ ನಡೆಸಿಕೊಂಡು ಹೊರಟರು. ಗಟ್ಟಿಮುಟ್ಟಾಗಿದ್ದ ಆಲ್ಬೆರ್ತೊ ಕಿಟಕಿಯಲ್ಲಿ ಬಂದು ವಿದಾಯ ಹೇಳಿ ಹೋದ, ಆ ನಡಿಗೆಯಿಂದ ಅವನು ಹಿಂತಿರುಗಲಿಲ್ಲ. ಖಾಯಿಲೆ ಬಿದ್ದವರು ಸುಮಾರು 800 ಜನ ಬೂನಾದಲ್ಲೇ ಉಳಿದರು. ಅಲ್ಲಿಂದ ಹತ್ತು ದಿನ ಕಾವಲಿಲ್ಲ, ನೀರಿಲ್ಲ, ಊಟವಿಲ್ಲ, ಮೇಲೆ ಬಾಂಬು. ಲೆವಿ ಮತ್ತು ಇಬ್ಬರು ಫ್ರೆಂಚರು ಹಿಮದಲ್ಲಿ ತಡಕಾಡಿ ಒಂದು ಒಲೆ ಹುಡುಕಿ ತಂದು ಹೊತ್ತಿಸಿದರು. ಕೋಣೆ ಬೆಚ್ಚಗಾದಾಗ ಉಳಿದ ರೋಗಿಗಳು ಕೆಲಸ ಮಾಡಿದ ಮೂವರಿಗೂ ತಮ್ಮ ಪಾಲಿನಿಂದ ಒಂದೊಂದು ಚೂರು ಬ್ರೆಡ್ ಕೊಡೋಣ ಅಂದರು. ಹಿಂದಿನ ದಿನದವರೆಗೂ ಪಕ್ಕದವನ ಬ್ರೆಡ್ ಕದಿಯುವುದೇ ನಿಯಮವಾಗಿದ್ದ ಜಾಗ ಅದು. ಕ್ಯಾಂಪು ಸತ್ತಿದ್ದು ಆ ಕ್ಷಣದಲ್ಲಿ ಅಂತ ಲೆವಿ ಲೆಕ್ಕ ಇಟ್ಟರು. 27ರಂದು ಕುದುರೆ ಮೇಲೆ ನಾಲ್ಕು ಜನ ರಷ್ಯನ್ ಸೈನಿಕರು ಬಂದರು.

ಮನೆಗೆ ಬರಲು ಇನ್ನೂ ಒಂಬತ್ತು ತಿಂಗಳು ಹಿಡಿಯಿತು. ಪೋಲೆಂಡ್, ಬೆಲಾರುಸ್, ರೊಮೇನಿಯಾ, ಹಂಗೇರಿ, ಆಸ್ಟ್ರಿಯಾ ಅಂತ ಸುತ್ತಿ ಸುತ್ತಿ ಅಕ್ಟೋಬರ್ 19ರಂದು ಟ್ಯೂರಿನ್ನಿಗೆ ಬಂದರು. ಆ ತಮಾಷೆಯ, ದುಃಖದ ಪ್ರಯಾಣವೇ ‘ದಿ ಟ್ರೂಸ್’ ಎಂಬ ಪುಸ್ತಕ, 1963ರದ್ದು. ಅದನ್ನು ನಾವಿನ್ನೂ ಪೂರ್ತಿ ಓದಿಲ್ಲ.

ಬಂದವರಿಗೆ ಮಾತು ನಿಲ್ಲುತ್ತಿರಲಿಲ್ಲ. ರೈಲಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳುತ್ತಿದ್ದರು. ಅವಿಲ್ಯಾನಾ ಎಂಬಲ್ಲಿ ಬಣ್ಣದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಹಗಲು ಲ್ಯಾಬು, ರಾತ್ರಿ ಫ್ಯಾಕ್ಟರಿಯ ವಸತಿಗೃಹದಲ್ಲಿ ಬರವಣಿಗೆ. ಕೊನೆಯ ಹತ್ತು ದಿನಗಳ ಅಧ್ಯಾಯವನ್ನೇ ಮೊದಲು ಬರೆದರು. ‘ಇಫ್ ದಿಸ್ ಈಸ್ ಎ ಮ್ಯಾನ್’ ಅನ್ನೋ ಆ ಪುಸ್ತಕದಲ್ಲಿ ಕಿರುಚಾಟ ಇಲ್ಲ, ಶಾಪ ಇಲ್ಲ. ಕಾರ್ಖಾನೆಗಳಲ್ಲಿ ವಾರ ವಾರ ಬರೆಯುವ ರಿಪೋರ್ಟ್ ತನ್ನ ಮಾದರಿ ಅಂತ ಅವರು ಹೇಳುತ್ತಿದ್ದರು, ಚಿಕ್ಕದಾಗಿ, ಸ್ಪಷ್ಟವಾಗಿ, ಎಲ್ಲರಿಗೂ ಅರ್ಥವಾಗುವ ಹಾಗೆ.

ಬಣ್ಣದ ಫ್ಯಾಕ್ಟರಿಯ ಒಂದೆರಡು ಕಥೆ ಹೇಳದಿದ್ದರೆ ಈ ಪತ್ರಿಕೆಗೆ ಅನ್ಯಾಯ. ಅಂಗಳದಲ್ಲಿ ಗಟ್ಟಿಯಾಗಿ ಲಿವರಿನಂತೆ ಹೆಪ್ಪುಗಟ್ಟಿದ ಬಣ್ಣದ ರಾಶಿ ಬಿದ್ದಿತ್ತು. ಯಾಕೆ ಹೀಗಾಯಿತು ಅಂತ ಹುಡುಕೋದು ಲೆವಿಯ ಪಾಲಿಗೆ ಬಂತು. ಹಳೇ ಫೈಲುಗಳನ್ನು ಜಾಲಾಡಿದಾಗ ಕಳ್ಳ ಸಿಕ್ಕಿದ. ಟೆಸ್ಟ್ ಮಾಡುವಾಗ ರೀಏಜೆಂಟನ್ನು 2 ಅಥವಾ 3 ಹನಿ ಹಾಕಬೇಕು ಅಂತಿದ್ದದ್ದು, ನಕಲು ಮಾಡುವಾಗ 23 ಹನಿ ಆಗಿಬಿಟ್ಟಿತ್ತು. ಹಾಗಾಗಿ ಕೆಟ್ಟ ಮಾಲೆಲ್ಲ ಟೆಸ್ಟಿನಲ್ಲಿ ಪಾಸು. ಲೆವಿ ಅಮೋನಿಯಂ ಕ್ಲೋರೈಡ್ ಸೇರಿಸಿ ಆ ಬಣ್ಣವನ್ನು ಸರಿಮಾಡಿದರು, ಮುಂದೆ ಹಾಗಾಗದಿರಲಿ ಅಂತ ಹೊಸ ಬಣ್ಣಕ್ಕೂ ಸ್ವಲ್ಪ ಹಾಕಲು ಬರೆದಿಟ್ಟರು. ಹತ್ತು ವರ್ಷಕ್ಕೂ ಮೇಲಾದ ಮೇಲೆ, ಕೆಟ್ಟ ಮಾಲು ಬರುವುದು ಯಾವತ್ತೋ ನಿಂತುಹೋಗಿದ್ದರೂ, ಅಲ್ಲಿಯವರು ಅಮೋನಿಯಂ ಕ್ಲೋರೈಡ್ ಹಾಕುತ್ತಲೇ ಇದ್ದರು. ಯಾಕೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಇದನ್ನು ಓದಿ ಸಿಎಸ್‌ನವರು ನಕ್ಕ ನಗು ಕೇಳಬೇಕಿತ್ತು, ಅವರ ಹಳೇ ಕೋಡಿನಲ್ಲೂ ಇಂಥವು ಇರುತ್ತವಂತೆ, ತೆಗೆಯಲು ಯಾರಿಗೂ ಧೈರ್ಯ ಬರೋದಿಲ್ಲ. ಅದೇ ಅಧ್ಯಾಯದಲ್ಲಿ ಈರುಳ್ಳಿ ಪ್ರಸಂಗವೂ ಇದೆ. ಹಳೆಯ ವಾರ್ನಿಷ್ ಪುಸ್ತಕವೊಂದರಲ್ಲಿ ಕುದಿಯುವ ಅಗಸೆ ಎಣ್ಣೆಗೆ ಕೊನೆಯಲ್ಲಿ ಎರಡು ಹೋಳು ಈರುಳ್ಳಿ ಹಾಕಿ ಅಂತ ಬರೆದಿತ್ತು. ಕಾರಣವೇ ಬರೆದಿರಲಿಲ್ಲ. ಆಮೇಲೆ ತಿಳಿಯಿತು, ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಈರುಳ್ಳಿ ಕರಿದರೆ ಎಣ್ಣೆ ಕಾದಿದೆ ಅಂತ ಲೆಕ್ಕ. ನಮ್ಮ ಅಜ್ಜಿ ಒಗ್ಗರಣೆಗೆ ಒಂದು ಸಾಸಿವೆ ಹಾಕಿ ಚಟ್ ಅನ್ನುತ್ತಾ ನೋಡೋದೂ ಇದನ್ನೇ ಅಲ್ವಾ.

ಪುಸ್ತಕಕ್ಕೆ ಬರೋಣ. 1947ರಲ್ಲಿ ಲೆವಿ ಹಸ್ತಪ್ರತಿಯನ್ನು ಏನೌದಿ ಎಂಬ ದೊಡ್ಡ ಪ್ರಕಾಶನಕ್ಕೆ ಕೊಟ್ಟರು. ಬೇಡ ಅಂದರು. ಓದಿ ಬೇಡ ಅಂದವರಲ್ಲಿ ನತಾಲಿಯಾ ಗಿನ್ಸ್‌ಬರ್ಗ್ ಇದ್ದರು. ಅವರೂ ಯಹೂದಿ, ಅವರ ಗಂಡನೂ ಫ್ಯಾಸಿಸ್ಟ್ ವಿರೋಧಿಯಾಗಿ ಜೈಲಿನಲ್ಲೇ ಸತ್ತಿದ್ದರು. ಯುದ್ಧ ಮುಗಿದು ಎರಡು ವರ್ಷ, ಜನರಿಗೆ ಮರೆಯಬೇಕಿತ್ತು. ಕೊನೆಗೆ ದೆ ಸಿಲ್ವ ಎಂಬ ಸಣ್ಣ ಪ್ರಕಾಶನ 2500 ಪ್ರತಿ ಹಾಕಿತು. ಮಾರಾಟವಾಗಿದ್ದರಲ್ಲಿ ಹೆಚ್ಚಿನವು ಟ್ಯೂರಿನ್ನಿನಲ್ಲೇ. ಉಳಿದ ಸುಮಾರು 600 ಪ್ರತಿ ಫ್ಲಾರೆನ್ಸಿನ ಗೋದಾಮಿನಲ್ಲಿ ಬಿದ್ದಿದ್ದವು, 1966ರ ಪ್ರವಾಹದಲ್ಲಿ ಮುಳುಗಿಹೋದವು. ಆನ್ ಫ್ರಾಂಕಳ ಡೈರಿ ಮೊದಲು ಅಚ್ಚಾಗಿದ್ದೂ ಇದೇ 1947ರಲ್ಲೇ, ಡಚ್ ಭಾಷೆಯಲ್ಲಿ. 1958ರಲ್ಲಿ ಅದೇ ಏನೌದಿ ಲೆವಿಯ ಪುಸ್ತಕವನ್ನು ಮತ್ತೆ ತಂದಿತು. ಈ ಸಲ ಅದು ನಿಂತಿತು. ಆ ಹನ್ನೊಂದು ವರ್ಷ ಲೆವಿ ಏನು ಮಾಡುತ್ತಿದ್ದರು? ಕೆಲಸಕ್ಕೆ ಹೋಗುತ್ತಿದ್ದರು. 1947ರಲ್ಲಿ ಲೂಚಿಯಾ ಮೊರ್ಪುರ್ಗೊ ಅವರನ್ನು ಮದುವೆಯಾದರು. ಮಗಳಿಗೆ ಲೀಸಾ ಲೊರೆಂಜಾ, ಮಗನಿಗೆ ರೆಂಜೊ ಅಂತ ಹೆಸರಿಟ್ಟರು, ಎರಡೂ ಆ ಗಾರೆಯವನ ಹೆಸರೇ. ಲೊರೆಂಜೊ ಮಾತ್ರ ಯುದ್ಧದಿಂದ ಬಂದ ಮೇಲೆ ಕಂಡದ್ದನ್ನು ಮರೆಯಲಾರದೆ ಕುಡಿತಕ್ಕೆ ಬಿದ್ದು, ಖಾಯಿಲೆಯಾಗಿ 1952ರಲ್ಲಿ ತೀರಿಕೊಂಡ. ಲೆವಿ ಅವನನ್ನು ಆಸ್ಪತ್ರೆಗೆ ಸೇರಿಸಿ ನೋಡಿದರು, ಅವನಿಗೇ ಬದುಕುವ ಮನಸ್ಸಿರಲಿಲ್ಲ.

ಲೆವಿ ಸುಮಾರು ಮೂವತ್ತು ವರ್ಷ ಸೀವಾ ಎಂಬ ಬಣ್ಣದ ಕಂಪನಿಯಲ್ಲಿದ್ದರು. ತಾಮ್ರದ ತಂತಿಗೆ ಲೇಪಿಸುವ ಇನ್ಸುಲೇಟಿಂಗ್ ಎನಾಮೆಲ್ ಅವರ ವಿಶೇಷ. ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ನಾವು ಉಜ್ಜಿ ತೆಗೆಯೋ ಲೇಪ ಇದೆಯಲ್ಲ, ಆ ಜಾತಿಯದ್ದು. ಮುಂದೆ ಜನರಲ್ ಮ್ಯಾನೇಜರ್ ಆದರು. ಆ ಕೆಲಸದಲ್ಲಿದ್ದಾಗಲೇ, ಅರವತ್ತರ ದಶಕದಲ್ಲಿ, ನಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೂತ ಘಟನೆ ನಡೆಯಿತು. ಜರ್ಮನಿಯಿಂದ ಬಂದ ರೆಸಿನ್ ಒಣಗುತ್ತಿರಲಿಲ್ಲ. ದೂರು ಬರೆದರು. ಆ ಕಡೆಯ ಡಾಕ್ಟರ್ ಒಬ್ಬರು ವೆನೇಡಿಯಂ ನಾಫ್ತನೇಟ್ ಸೇರಿಸಿ ನೋಡಿ ಅಂತ ಉತ್ತರಿಸಿದರು. ಆದರೆ ಕಾಗದದಲ್ಲಿ ಎರಡು ಸಲವೂ ಫ್ ಬದಲು ಪ್, ನಾಪ್ತನೇಟ್ ಅಂತಿತ್ತು. ನಮ್ಮಲ್ಲಿ ಕಾಫಿ ಕಾಪಿ ಆಗುವ ಹಾಗೆ. ಲೆವಿಗೆ ಮೈ ಜುಮ್ಮೆಂದಿತು. ಬೂನಾದ ಲ್ಯಾಬಿನಲ್ಲಿ ಹೀಗೇ ಪ್ ಹಚ್ಚಿ ಮಾತಾಡುತ್ತಿದ್ದ ಒಬ್ಬ ಅಧಿಕಾರಿ ಇದ್ದ. ಪುಸ್ತಕದಲ್ಲಿ ಅವನ ಹೆಸರನ್ನು ಮ್ಯುಲ್ಲರ್ ಅಂತ ಬದಲಿಸಿದ್ದಾರೆ. ನೇರವಾಗಿ ಕೇಳಿ ಬರೆದರು. ಹೌದು, ಅವನೇ.

ಕಾಗದಗಳು ಓಡಾಡಿದವು. ಮ್ಯುಲ್ಲರ್ ರಾಕ್ಷಸ ಅಲ್ಲ, ವೀರನೂ ಅಲ್ಲ. ಲ್ಯಾಬಿನಲ್ಲಿ ಒಮ್ಮೆ ಲೆವಿಗೆ ಚರ್ಮದ ಬೂಟು ಕೊಡಿಸಿದ್ದ, ಯಾಕೆ ಇಷ್ಟು ಗಾಬರಿಯಾಗಿದ್ದೀಯ ಅಂತ ಕೇಳಿದ್ದ. ಈಗ ಅವನಿಗೆ ಕ್ಷಮೆಯಂಥದ್ದೇನೋ ಬೇಕಿತ್ತು. ಆದರೆ ಆಗ ಅಲ್ಲಿ ಜನರನ್ನು ಕೊಲ್ಲುತ್ತಿದ್ದದ್ದು ತನಗೆ ಗೊತ್ತೇ ಇರಲಿಲ್ಲ, ಬೂನಾ ಫ್ಯಾಕ್ಟರಿ ಇದ್ದದ್ದೇ ಯಹೂದಿಗಳನ್ನು ಉಳಿಸಲಿಕ್ಕೆ ಅಂತ ತಿಳಿದಿದ್ದೆ ಅಂತ ಬರೆದ. ಸ್ಪಷ್ಟ ದಿನಗಳಲ್ಲಿ ಆ ಲ್ಯಾಬಿನಿಂದ ಚಿಮಣಿಯ ಉರಿ ಕಾಣುತ್ತಿತ್ತು. ಲೆವಿ ಉತ್ತರದ ಕರಡು ಬರೆದರು. ಕ್ಷಮಿಸಲೂ ಇಲ್ಲ, ಬೈಯಲೂ ಇಲ್ಲ. ಅದನ್ನು ಕಳಿಸುವ ಮುಂಚೆಯೇ ಮ್ಯುಲ್ಲರ್ ಫೋನ್ ಮಾಡಿ ಭೇಟಿಗೆ ಕೇಳಿದ, ಲೆವಿ ತಬ್ಬಿಬ್ಬಾಗಿ ಹೂಂ ಅಂದರು. ಎಂಟು ದಿನಕ್ಕೆ ಅವನು ಸತ್ತ ಸುದ್ದಿ ಬಂತು. ಇದೆಲ್ಲ ‘ವೆನೇಡಿಯಂ’ ಅಧ್ಯಾಯದಲ್ಲಿದೆ, ಹತ್ತೋ ಹನ್ನೆರಡೋ ಪುಟ ಅಷ್ಟೇ.

‘ದಿ ಪೀರಿಯಾಡಿಕ್ ಟೇಬಲ್’ ಬಂದದ್ದು 1975ರಲ್ಲಿ. 2006ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನವರು ಇದುವರೆಗಿನ ಅತ್ಯುತ್ತಮ ವಿಜ್ಞಾನ ಪುಸ್ತಕ ಅಂತ ಇದನ್ನೇ ಆರಿಸಿದರು. ಹಾಗಾಗಿ ನಮ್ಮ ಲೈಬ್ರರಿಯ ಕಪಾಟು ಅಷ್ಟೇನೂ ತಪ್ಪಲ್ಲ ನೋಡಿ. 1978ರ ‘ದಿ ರೆಂಚ್’ನಲ್ಲಿ ಕ್ರೇನು ಸೇತುವೆ ಕಟ್ಟುತ್ತಾ ದೇಶ ಸುತ್ತುವ ಫೌಸೊನೆ ಎಂಬ ಮೆಕ್ಯಾನಿಕ್ ಕಥೆ ಹೇಳುತ್ತಾನೆ, ಅದರಲ್ಲೊಂದು ಸೇತುವೆ ಭಾರತದಲ್ಲಿದೆ. ಮೆಕ್ಯಾನಿಕಲ್ ಮತ್ತು ಸಿವಿಲ್‌ನವರು ತಪ್ಪದೆ ಓದಿ.

ರಿಟೈರ್ ಆದ ಮೇಲೂ ಲೆವಿ ಶಾಲೆ ಶಾಲೆ ತಿರುಗಿ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಯಾಕೆ ತಪ್ಪಿಸಿಕೊಂಡು ಓಡಲಿಲ್ಲ ಅಂತ ಎಲ್ಲ ಕಡೆಯೂ ಕೇಳುತ್ತಿದ್ದರಂತೆ. ಐದನೇ ಕ್ಲಾಸಿನ ಒಬ್ಬ ಹುಡುಗನಂತೂ ಕ್ಯಾಂಪಿನ ನಕ್ಷೆಯನ್ನು ಬೋರ್ಡಿನ ಮೇಲೆ ಬರೆಸಿಕೊಂಡು, ಕಾವಲುಗಾರನನ್ನು ಮುಗಿಸಿ ಅವನ ಬಟ್ಟೆ ಹಾಕಿಕೊಂಡು ಕರೆಂಟ್ ತೆಗೆದು ಹೇಗೆ ಪಾರಾಗಬೇಕಿತ್ತು ಅಂತ ಪ್ಲಾನ್ ಹೇಳಿಕೊಟ್ಟ. ಇನ್ನೊಮ್ಮೆ ಹಾಗಾದರೆ ಹೀಗೇ ಮಾಡಿ ಅಂತ ಗಂಭೀರವಾಗಿ ಸಲಹೆಯನ್ನೂ ಕೊಟ್ಟ. ರಾತ್ರಿ ಎರಡರವರೆಗೆ ಗೇಮ್ ಆಡುವ ನಮಗೆ ಆ ಹುಡುಗನ ಮೇಲೆ ನಗಲು ಹಕ್ಕಿಲ್ಲ. 1986ರಲ್ಲಿ ಬಂದ ‘ದಿ ಡ್ರೌನ್ಡ್ ಅಂಡ್ ದಿ ಸೇವ್ಡ್’ನಲ್ಲಿ ಈ ಪ್ರಸಂಗ ಇದೆ. ಅವರ ಪುಸ್ತಕಗಳಲ್ಲಿ ಓದಲು ಅತ್ಯಂತ ಕಷ್ಟವಾದದ್ದು ಅದೇ. ಬದುಕಿ ಉಳಿದವರ ನಾಚಿಕೆಯ ಬಗ್ಗೆ, ನೆನಪು ಹೇಗೆ ಸವೆಯುತ್ತದೆ ಅನ್ನೋದರ ಬಗ್ಗೆ ಅದರಲ್ಲಿದೆ.

1987ರ ಏಪ್ರಿಲ್ 11ರ ಬೆಳಗ್ಗೆ, ತಾವು ಹುಟ್ಟಿದ ಮನೆಯ ಮೂರನೇ ಮಹಡಿಯಿಂದ ಮೆಟ್ಟಿಲಿನ ಬಾವಿಯೊಳಗೆ ಬಿದ್ದು ಲೆವಿ ತೀರಿಕೊಂಡರು. ಆತ್ಮಹತ್ಯೆ ಅಂತ ಅಧಿಕಾರಿಗಳು ತೀರ್ಮಾನಿಸಿದರು. ಆ ದಿನಗಳಲ್ಲಿ ಅವರಿಗೆ ಖಿನ್ನತೆ ಕಾಡುತ್ತಿತ್ತು, ಆಪರೇಷನ್ ಆಗಿತ್ತು, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದರು. ನೊಬೆಲ್ ಪಡೆದ ವಿಜ್ಞಾನಿ, ಅವರ ಗೆಳತಿ ರೀಟಾ ಲೆವಿ ಮೊಂತಾಲ್ಚಿನಿಯಂಥವರು ಅದು ತಲೆಸುತ್ತಿ ಆದ ಅಪಘಾತ ಇರಬೇಕು ಅಂದರು. ನಾವು ಮೂವರೂ ಆ ಪುಟದಲ್ಲಿ ನಿಂತು ವಾದ ಮಾಡಲು ಹೋಗಲಿಲ್ಲ. ಟ್ಯೂರಿನ್ನಿನಲ್ಲಿರುವ ಸಮಾಧಿಯ ಕಲ್ಲಿನ ಮೇಲೆ ಹೆಸರು, ಎರಡು ಇಸವಿ, ಜೊತೆಗೆ 174517 ಅಂತ ಕೆತ್ತಿದೆ.

ಪುಸ್ತಕವನ್ನು ಹನ್ನೆರಡು ದಿನ ತಡವಾಗಿ ವಾಪಸ್ ಕೊಟ್ಟೆವು, ಫೈನ್ ಕಟ್ಟಿ. ಜೀವನಚರಿತ್ರೆ ಕಪಾಟಿಗೆ ಹಾಕಿಸೋಣ ಅಂತ ಮೊದಲು ಅಂದುಕೊಂಡಿದ್ದೆವು, ಆಮೇಲೆ ಬಿಟ್ಟೆವು. ಈಗಲೂ ಅದು ಅಲ್ಲೇ ಇದೆ. ಒಳಗೆ ಹೋಗಿ ಎಡಗಡೆ, ಕೆಮಿಸ್ಟ್ರಿ, ಕೆಳಗಿನಿಂದ ಎರಡನೇ ಸಾಲು.